ಹಸಿ ಚುಕ್ಕೆ

ವ್ಯಾನಿನ ಮೂತಿ ತಡೆಗೋಡೆಯೊಳಗೆ ಹೊಕ್ಕಿತ್ತು. ಚಾಲಕನನ್ನು ಹೊರಗೆಳೆಯಲು ಬಾಗಿಲು ಕತ್ತರಿಸಬೇಕಾಯಿತು. ಅಷ್ಟರಲ್ಲಿ ಅವಸರಪಡಲು ಏನೂ ಉಳಿದಿರಲಿಲ್ಲ.

ಸತ್ತವನು ವಿದ್ಯುತ್ ವಾಹನಗಳ ಕಾರ್ಖಾನೆಯ ಹಿರಿಯ ಫಿಟ್ಟರ್. ಅವನ ಮಗಳು ಪರೀಕ್ಷಾ ರಸ್ತೆಯ ಅಂಚಿನಲ್ಲಿ ಲ್ಯಾಪ್‌ಟಾಪ್ ಅವುಚಿಕೊಂಡು ಕೂತಿದ್ದಳು.

"ನಾನೇ ಕೊಂದಿದ್ದು. ಬರ್ಕೊಳ್ಳಿ," ಅಂದಳು.

ಇನ್‌ಸ್ಪೆಕ್ಟರ್ ಬರೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತಳು. "ಮೊದಲು ಏನಾಯ್ತು ಹೇಳಮ್ಮ."

"ಮೋಟಾರಿಗೆ ಆರು ತಂತಿ. ಒಂದು ಹೋದ್ರೂ ಉಳಿದ ಐದರಲ್ಲೇ ಗಾಡಿ ಮನೆ ಸೇರಬೇಕು. ಆ ಪ್ರೋಗ್ರಾಂ ನಂದು. ಇವತ್ತು ಇಳಿಜಾರಲ್ಲಿ ಬೇಕಂತಲೇ ಮೂರನೇ ತಂತಿ ಕಡಿತ ಮಾಡಿದ್ವಿ. ಚಕ್ರ ಬಿಗಿದುಕೊಳ್ತು."

"ಎರಡು ತಂತಿ ಹೋಗಿದ್ರೆ?"

"ತಡ್ಕೊಳ್ಳಲ್ಲ. ಅದು ಇಲ್ಲಿ ಎಲ್ರಿಗೂ ಗೊತ್ತು."

ಹಿಂದೆ ನಿಂತಿದ್ದ ತಪಾಸಣೆಯ ಮುಖ್ಯಸ್ಥ ತಲೆಯಾಡಿಸಿದ. ಸತ್ತವನ ತಮ್ಮ. ಹನ್ನೊಂದು ವರ್ಷ ಇಲ್ಲಿನ ಗಾಡಿಗಳಲ್ಲಿ ಓಡಿದ್ದು ಅವನು ಬರೆದ ಪ್ರೋಗ್ರಾಂ. ಕಳೆದ ತಿಂಗಳು ಅದರ ಬದಲಿಗೆ ಹುಡುಗಿಯದನ್ನು ಆರಿಸಿದ್ದರು; ಇವತ್ತು ಅದರ ಮೊದಲ ಓಟ.

"ಆತುರ ಬೇಡ ಅಂತ ಬಡ್ಕೊಂಡೆ. ಕಲಿಸಿದ ಚಿಕ್ಕಪ್ಪನ ಮಾತು ನಿನ್ನ ಕಿವಿಗೆ ಬೀಳ್ಲಿಲ್ಲ," ಅಂದ. "ಈಗ ಅಪ್ಪನ್ನ ತಿಂದ್ಕೊಂಡ್ಯಲ್ಲ."

ಹುಡುಗಿ ಲ್ಯಾಪ್‌ಟಾಪನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

* * *

ಮಧ್ಯಾಹ್ನ ಶೆಡ್ಡಿನಲ್ಲಿ ಮೋಟಾರಿನ ಮುಚ್ಚಳ ತೆಗೆದರು. ಐದನೇ ತಂತಿ ಇನ್‌ಸ್ಪೆಕ್ಟರ್ ಬೆರಳಿಗೇ ಕಳಚಿ ಬಂತು. ನಟ್ಟು ಸಡಿಲ. ಮೂರನೆಯದರ ಜೊತೆ ಇದೂ ಹೋಗಿ ಎರಡಾಗಿತ್ತು.

"ಈ ಹಸಿರು ಗೆರೆ ಏನು?"

ಉತ್ತರ ಕೊಟ್ಟವನು, ಎಲ್ಲರೂ ಪಾನಾ ಎಂದೇ ಕರೆಯುವ ಕುಳ್ಳ ಫಿಟ್ಟರ್. "ನಟ್ಟು ಬಿಗಿದವನು ಅದರ ಮೇಲಿಂದ ಪಕ್ಕದ ಲೋಹಕ್ಕೆ ಗೆರೆ ಎಳೀಬೇಕು ಮೇಡಂ. ನಟ್ಟು ಅಲುಗಿದ್ರೆ ಗೆರೆ ಮುರಿಯುತ್ತೆ. ಮಾರನೇ ದಿನ ತಪಾಸಣೆಯವರು ಇನ್ನೊಮ್ಮೆ ಬಿಗಿ ನೋಡಿ ಗೆರೆಯ ತುದಿಗೆ ಬಿಳಿ ಚುಕ್ಕೆ ಇಡ್ತಾರೆ. ಚುಕ್ಕೆ ಇಲ್ದೆ ಗಾಡಿ ಹೊರಡಲ್ಲ."

"ಇದನ್ನ ಬಿಗಿದಿದ್ದು ಅಣ್ಣ. ಅವನ ಕಣ್ಣು ಮಂಜಾಗಿತ್ತು," ಅಂದ ತಮ್ಮ. "ಸರಿಯಾಗಿ ಬಿಗಿದಿಲ್ಲ, ಪಾಪ."

"ಬೆಳಗ್ಗೆ ಮಗಳ ತಪ್ಪು, ಮಧ್ಯಾಹ್ನ ಅಪ್ಪನ ತಪ್ಪು. ಸಂಜೆಗೆ ಯಾರನ್ನ ಇಟ್ಕೊಂಡಿದೀರಿ?"

ಪಾನಾ ಕೆಮ್ಮಿ ನಗು ನುಂಗಿಕೊಂಡ. ಇನ್‌ಸ್ಪೆಕ್ಟರ್ ಭೂತಗನ್ನಡಿ ಹಿಡಿದು ಆರೂ ನಟ್ಟುಗಳನ್ನು ನೋಡಿದಳು. ಎರಡು ಸಲ.

* * *

"ನಟ್ಟು ಸಡಿಲ, ಗೆರೆ ಮಾತ್ರ ಮುರಿದಿಲ್ಲ," ಅಂದಳು ಇನ್‌ಸ್ಪೆಕ್ಟರ್. "ಅಂದ್ರೆ ಹಳೇ ಗೆರೆ ಒರೆಸಿ, ಸಡಿಲಿಸಿ, ಆಮೇಲೆ ಹೊಸದು ಎಳೆದಿದಾರೆ. ಐದು ಚುಕ್ಕೆಗಳು ಅಚ್ಚ ಬಿಳಿ. ಇದೊಂದಕ್ಕೆ ಹಸಿರು ಕಲಸಿದೆ. ಗೆರೆ ಹಸಿ ಇದ್ದಾಗಲೇ ಚುಕ್ಕೆ ಬಿದ್ದಿದೆ. ಬೆಳಗ್ಗೆ ಪರೀಕ್ಷೆ ಇತ್ತು, ಒಣಗೋವರೆಗೂ ಕಾಯೋಕೆ ಪುರುಸೊತ್ತಿರಲಿಲ್ಲ. ಹಸಿರು ಪೆನ್ನು ಯಾರ ಕೈಗೂ ಸಿಗುತ್ತೆ. ಬಿಳಿ ಪೆನ್ನು?"

ಪಾನಾ ಮುಖ್ಯಸ್ಥನ ಜೇಬು ನೋಡಿದ. "ಮನೆಗೆ ಹೋಗುವಾಗಲೂ ಅಲ್ಲೇ ಇರುತ್ತೆ ಮೇಡಂ."

"ಒಡಹುಟ್ಟಿದವನನ್ನ ನಾನ್ಯಾಕೆ ಕೊಲ್ಲಲಿ?"

"ನೀವು ಕೊಲ್ಲೋಕೆ ಹೊರಟಿದ್ದು ಅವರನ್ನಲ್ಲ. ಹೊಸ ಪ್ರೋಗ್ರಾಂ ಮೊದಲು ಓಡಿಸೋದು ಯಾರು, ಪಾನಾ?"

"ಬರೆದವರೇ. ಅದು ಇಲ್ಲಿನ ಪದ್ಧತಿ. ಇವತ್ತು ಹುಡುಗಿ ಹತ್ತೋಕೆ ಹಿಂದೇಟು ಹಾಕಿದ್ಲು. ಅವರಪ್ಪ ಕೀಲಿ ಕಿತ್ಕೊಂಡು ತಾನೇ ಹತ್ತಿದ."

"ಆಗ ನೀವೆಲ್ಲಿದ್ರಿ?"

"ಪಕ್ಕದಲ್ಲೇ," ಅಂದ ತಮ್ಮ.

"ಒಂದು ಮಾತು ಸಾಕಿತ್ತಲ್ಲ."

ಅವನು ಜೇಬಿನಿಂದ ಬಿಳಿ ಪೆನ್ನು ತೆಗೆದು ಮೋಟಾರಿನ ಪಕ್ಕ ಇಟ್ಟ. "ಹೇಳಿದ್ರೆ ನನ್ನ ಕೆಲಸ ಅಂತ ಗೊತ್ತಾಗೋದು. ವ್ಯಾನಿನ ಬಾಗಿಲು ನಾನೇ ಹಾಕಿಕೊಟ್ಟೆ."

ಶೆಡ್ಡಿನ ಹೊಸ್ತಿಲಲ್ಲಿ ಹುಡುಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಲ್ಯಾಪ್‌ಟಾಪ್ ಇನ್ನೂ ಎದೆಗಂಟಿಕೊಂಡೇ ಇತ್ತು.

"ಚಿಕ್ಕಪ್ಪ, ನನ್ನ ಪ್ರೋಗ್ರಾಂ ಸರಿಯಾಗಿತ್ತಾ?"

ಪೊಲೀಸರು ಅವನ ಕೈ ಹಿಡಿದಿದ್ದರು. ಆ ದಿನ ಮೊದಲ ಬಾರಿಗೆ ಅವನು ಅವಳ ಮುಖ ನೋಡಿದ.

"ಮೂರು ಸಲ ಓದಿದೆ ಕಣೇ. ಒಂದು ತಪ್ಪೂ ಸಿಗ್ಲಿಲ್ಲ," ಅಂದ. "ಅದಕ್ಕೇ."