ಪ್ರಕಾಶನ ಕಂಟ್ರೋಲರ್ ಕಳುವು

ಬೆಳಿಗ್ಗೆ ಎಂಟೂವರೆಗೆ ಪ್ರಕಾಶ ಅಂಗಡಿಯ ಬಾಗಿಲು ತೆಗೆದ. ಸೈಕಲ್ ಇತ್ತು. ಹಿಂದಿನ ಚಕ್ರಕ್ಕೆ ಕೂರಿಸಿದ ಮೋಟರು ಇತ್ತು. ಕ್ಯಾರಿಯರಿನ ಮೇಲೆ ಮೂರು ಬ್ಯಾಟರಿಗಳೂ ಇದ್ದವು. ಸೀಟಿನ ಕೆಳಗಿದ್ದ ಅಲ್ಯುಮಿನಿಯಂ ಪೆಟ್ಟಿಗೆ ಮಾತ್ರ ಇರಲಿಲ್ಲ.

ಅದು ಕಂಟ್ರೋಲರ್. ಹ್ಯಾಂಡಲಿನ ಹಿಡಿ ತಿರುಗಿಸಿದಷ್ಟೇ ಕರೆಂಟನ್ನು ಅಳೆದು ಮೋಟರಿಗೆ ಕೊಡುವ ಪೆಟ್ಟಿಗೆ. ಹದಿನಾಲ್ಕು ತಿಂಗಳಲ್ಲಿ ಪ್ರಕಾಶ ಅಂಥ ಆರು ಪೆಟ್ಟಿಗೆ ಕಟ್ಟಿ ಸುಟ್ಟಿದ್ದ. ಏಳನೆಯದು ಅವನನ್ನು ಹೊನ್ನಾವರದಿಂದ ಧಾರೇಶ್ವರದವರೆಗೆ ಒಯ್ದು ವಾಪಸು ತಂದಿತ್ತು.

ಅದು ೨೦೦೩. ನಾನು ಜಿಲ್ಲೆಯ ಒಂದು ದಿನಪತ್ರಿಕೆಗೆ ಹೊನ್ನಾವರದಿಂದ ಸುದ್ದಿ ಬರೆಯುತ್ತಿದ್ದೆ. ಪ್ರಕಾಶ ನನ್ನ ಕಾಲೇಜಿನ ಗೆಳೆಯ. ಪೊಲೀಸ್ ಫೌಜದಾರರಿಗಿಂತ ಹತ್ತು ನಿಮಿಷ ಮೊದಲೇ ಅಲ್ಲಿದ್ದೆ.

"ಬೀಗ ಒಡೆದಿಲ್ಲ. ಕೀಲಿಕೈ ಎಲ್ಲಿಡ್ತೀ?" ಫೌಜದಾರರು ಕೇಳಿದರು.

"ಬಾಗಿಲ ಮೇಲಿನ ಪಟ್ಟಿಯಲ್ಲಿ, ಸಾರ್."

"ಯಾರಿಗೆ ಗೊತ್ತು?"

"ಎಲ್ಲರಿಗೂ."

"ಭಾರಿ ಹುಷಾರಿದ್ದೀ ಮಾರಾಯ. ಬೀಗ ಯಾಕೆ ತಂದೆ?"

ಬಾಗಿಲಿನ ಚಿಲಕದ ಮೇಲೆ ಕಂದು ಅಂಟಿನ ಕಲೆಯಿತ್ತು. ಫೌಜದಾರರು ಉಗುರಿನಿಂದ ಕೆರೆದು ಮೂಸಿದರು. ರಾಳ. ದೋಣಿಯ ಹಲಗೆಗಳ ಸಂದಿಗೆ ಕಾಯಿಸಿ ತುಂಬುವ ಅಂಟು. ಎದುರಿನ ಹೂವಿನ ಮಾಸ್ತಮ್ಮ ಉಳಿದದ್ದನ್ನು ಹೇಳಿದಳು: "ನಿನ್ನೆ ಸಂಜೆ ದೋಣಿ ಕೆಲಸದ ದಾಸ ಇಲ್ಲೇ ನಿಂತಿದ್ದ."

ಪ್ರಕಾಶ ಏನೋ ಹೇಳಲು ಬಾಯಿ ತೆರೆದ. ಫೌಜದಾರರು ಆಗಲೇ ಜೀಪು ಹತ್ತಿದ್ದರು.

ಹೊನ್ನಾವರದ ಪಕ್ಕದ ಕಾಸರಕೋಡಿನ ದಾಸ ಭಟ್ಕಳದ ಬಂದರಿನಲ್ಲಿ ದೋಣಿ ರಿಪೇರಿ ಮಾಡುವವನು. ಹನ್ನೆರಡು ವರ್ಷದ ಹಿಂದೆ ದೋಣಿಯನ್ನು ಮುಂದೆ ನೂಕುವ ಹಿತ್ತಾಳೆ ಪಂಖವೊಂದು ಕಳುವಾದಾಗ ಅವನನ್ನು ಹಿಡಿದಿದ್ದರು. ಕೋರ್ಟು ಬಿಟ್ಟಿತು. ಹಿಡಿದದ್ದು ಊರಿಗೆ ನೆನಪಿತ್ತು, ಬಿಟ್ಟದ್ದು ನೆನಪಿರಲಿಲ್ಲ.

ಮಧ್ಯಾಹ್ನ ಠಾಣೆಗೆ ಹೋದೆ. ದಾಸ ಬೆಂಚಿನ ಮೇಲೆ ಕೂತಿದ್ದ. ನನ್ನಿಂದ ಎರಡು ಮಾರು ದೂರ. ಅವನನ್ನು ಮಾತಾಡಿಸಲಿಲ್ಲ. ಫೌಜದಾರರು ಹೇಳಿದ್ದನ್ನು ಬರೆದುಕೊಂಡೆ. 'ಹಳೆಯ ಆರೋಪಿ' ಎಂಬ ಎರಡು ಪದ ಮಾತ್ರ ನನ್ನವು. ಶೀರ್ಷಿಕೆಗೆ ಚೆನ್ನಾಗಿ ಕೂತವು.

* * *

ಮೂರನೆಯ ದಿನ ದಾಸನ ಹೆಂಡತಿ ಗಣಪಿ ನನ್ನ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದಳು.

"ನೀವೇ ಅಲ್ದ ಪೇಪರಿನವರು?"

"ಹೌದು. ದಾಸನನ್ನು ಬಿಟ್ಟರಂತಲ್ಲ?"

"ಪೊಲೀಸರು ಬಿಟ್ರು. ನೀವು ಬಿಡ್ಲಿಲ್ಲ." ಅವಳ ದನಿ ಏರಲಿಲ್ಲ. "ಬಂದರಿನಲ್ಲಿ ಎಲ್ಲರ ಕೈಯಲ್ಲೂ ನಿಮ್ಮ ಪೇಪರಂತೆ. ಮಾಲಕ ದೇವಣ್ಣ ಹೇಳಿ ಕಳಿಸಿದ್ರು, ಇನ್ನು ದೋಣಿ ಮುಟ್ಟೂದು ಬೇಡ ಅಂತ. ಮೂವತ್ತು ವರ್ಷ ಉಳಿ ಹಿಡಿದ ಕೈ. ಈಗ ಅಂಗಳದಲ್ಲಿ ಕೂತು ಬೇಲಿ ನೋಡ್ತದೆ."

"ಅವನು ಏನಾದರೂ ಹೇಳಿದನಾ?"

"ಅವ್ರು ಮಾತಾಡೂ ಜನ ಅಲ್ಲ. ಮಾತಾಡೂ ಜನ ನೀವು. ಬರ್ದದ್ದನ್ನ ಅಳಿಸಿ."

ಅವಳು ಹೋದ ಮೇಲೆ ಪ್ರಕಾಶನ ಅಂಗಡಿಗೆ ಹೋದೆ. ಅವನು ನನ್ನ ಮುಖ ನೋಡದೆ ಸೈಕಲಿನತ್ತ ಕೈ ತೋರಿಸಿದ.

"ಆ ತಂತಿಗಳನ್ನು ನೋಡು."

ನಾಲ್ಕು ದಪ್ಪ ತಂತಿಗಳು ತೂಗುತ್ತಿದ್ದವು. ಕತ್ತರಿಸಿರಲಿಲ್ಲ, ಸ್ಕ್ರೂ ಬಿಚ್ಚಿ ತೆಗೆದಿದ್ದರು. ಪ್ರತಿ ತುದಿಗೂ ಬೇರೆ ಬೇರೆಯಾಗಿ ಕಪ್ಪು ಟೇಪು ಸುತ್ತಿತ್ತು.

"ಒಂದಕ್ಕೊಂದು ತಾಗಿ ಬ್ಯಾಟರಿ ಸುಡಬಾರದು ಅಂತ ಸುತ್ತಿದ್ದು. ನನ್ನ ಬ್ಯಾಟರಿಯ ಚಿಂತೆ ಮಾಡುವ ಕಳ್ಳ!"

"ದಾಸನಿಗೆ ಇದೆಲ್ಲ..."

"ಕರೆಂಟು ಅಂದ್ರೆ ದಾಸಣ್ಣ ಬಾಗಿಲ ಹೊರಗೇ ನಿಲ್ತಾನೆ. ಉಪ್ಪುಗಾಳಿಗೆ ಪೆಟ್ಟಿಗೆಯೊಳಗಿನ ಎರಡು ಬೋರ್ಡು ತುಕ್ಕು ಹಿಡಿದಾಗ, ಮೇಲೆ ದೋಣಿಯ ಸಂದಿಗೆ ಹಾಕೂ ರಾಳ ಹೊಯ್ಯಿ ಅಂದವನೇ ಅವ. ಕಾಯಿಸಿ ಹೊಯ್ದುಕೊಟ್ಟವನೂ ಅವನೇ. ಚಿಲಕದ ಕಲೆ ಹೋದ ತಿಂಗಳದ್ದು, ಭಾಸ್ಕರ. ಮರುದಿನ ಠಾಣೆಗೆ ಹೋಗಿ ಹೇಳಿದ್ದಕ್ಕೇ ಅವನನ್ನು ಬಿಟ್ಟದ್ದು. ಅವತ್ತು ಹೇಳುವಷ್ಟರಲ್ಲಿ ಜೀಪು ಹೋಯ್ತು. ನೀನು ಹೋಗಿರಲಿಲ್ಲ. ನೀನು ಕೇಳಬಹುದಿತ್ತು."

ಮತ್ಯಾರು ಆ ಪೆಟ್ಟಿಗೆಯ ಆಸೆ ತೋರಿಸಿದ್ದರು ಎಂದು ಕೇಳಿದೆ. ಒಂದೇ ಹೆಸರು ಸಿಕ್ಕಿತು.

* * *

ಇಕ್ಬಾಲ ದುಬೈಯಿಂದ ಬಂದು ಭಟ್ಕಳದಲ್ಲಿ ಸ್ಕೂಟರ್ ಅಂಗಡಿ ಇಟ್ಟವನು. ಪ್ರಕಾಶನ ಸೈಕಲ್ ಕೊಡೆಂದು ಎರಡು ಸಲ ಕೇಳಿದ್ದ. ಕಳುವಾದ ದಿನ ಮಂಗಳೂರಿನಲ್ಲಿದ್ದೆ ಎಂದು ಆಸ್ಪತ್ರೆಯ ಚೀಟಿ ತೋರಿಸಿ ನಕ್ಕ.

"ಕದಿಯೋದಾದ್ರೆ ಪ್ರಕಾಶನನ್ನೇ ಕದೀತಿದ್ದೆ ಭಾಯಿ. ಒಂದು ಪೆಟ್ಟಿಗೆ ತಗೊಂಡು ಎಂತ ಮಾಡಲಿ? ತಾನೂ ಮಾಡಲಿಕ್ಕೆ ಹೋಗಿ ಆಗದವನಿಗೆ ಬೇಕು ಅದು."

ಜಿಲ್ಲೆಯಲ್ಲಿ ಇನ್ಯಾರು ಇಂಥದ್ದನ್ನು ಮಾಡುತ್ತಿರಬಹುದು? ಕೇಳಲು ಒಬ್ಬರೇ ನೆನಪಾದರು. ಕುಮಟೆಯ ತ್ರ್ಯಂಬಕ ಸರ್. ನನಗೂ ಪ್ರಕಾಶನಿಗೂ ಭೌತಶಾಸ್ತ್ರ ಕಲಿಸಿದವರು.

ಬಾಗಿಲಲ್ಲಿ ಅವರ ಹೆಂಡತಿ ಸುಮತಿಯಕ್ಕ ದೂರ ಸರಿದು ನಿಂತರು. "ಮುಟ್ಟಬೇಡ, ನಮಗೆ ಸೂತಕ. ಇವರ ದೊಡ್ಡಪ್ಪನ ಮಗ ಹೋಗಿ ಐದು ದಿನ ಆತು. ದೇವರ ಮುಂದೆ ದೀಪವೂ ಇಲ್ಲ." ಮೆಟ್ಟಿಲತ್ತ ತಿರುಗಿ ಕೂಗಿದರು: "ಕೇಳಿದ್ರಾ, ಭಾಸ್ಕರ ಬೈಂದ!"

ಮಹಡಿಯ ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ಧೂಪದ ವಾಸನೆ ಮೂಗಿಗೆ ಬಡಿಯಿತು. ಸರ್ ಎದ್ದು ನಿಂತರು. ಬಲಗೈಯ ಎರಡು ಬೆರಳಿಗೆ ಬ್ಯಾಂಡೇಜು.

"ಪ್ರಕಾಶನದ್ದು ಓದಿದೆ. ಪಾಪ. ಮಾಸ್‌ಫೆಟ್ ಅಂದರೆ ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವ ಬಾಗಿಲು ಇದ್ದ ಹಾಗೆ. ಬಲು ಬೇಗ ಸುಡುತ್ತದೆ. ಬರೀ ನಾಲ್ಕರಲ್ಲಿ ಅಷ್ಟು ಕರೆಂಟು ತಡೆಸಿದ್ದಾನೆ, ಅದೇ ಆಶ್ಚರ್ಯ."

"ಬೇರೆ ಯಾರಾದರೂ ಮಾಡುತ್ತಿದ್ದಾರಾ, ಸರ್?"

"ಗೊತ್ತಿಲ್ಲ." ಸ್ವಲ್ಪ ತಡೆದು ಕೇಳಿದರು: "ಆ ಮನುಷ್ಯನನ್ನು ಬಿಟ್ಟರಂತಲ್ಲ?"

"ಬಿಟ್ಟರು. ಆದರೆ ಕೆಲಸ ಹೋಗಿದೆ."

ಅವರು ಮುಚ್ಚಿದ ಕಿಟಕಿಯನ್ನೇ ನೋಡುತ್ತ ನಿಂತರು. ಆ ಮೌನವನ್ನು ನಾನು ಕರುಣೆಯೆಂದು ತಿಳಿದೆ.

* * *

ಮರುದಿನ ಪ್ರಕಾಶ ಎಂಟನೆಯ ಕಂಟ್ರೋಲರ್ ಕಟ್ಟುತ್ತಿದ್ದ. ನಾನು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದೆ. ಬೆಸುಗೆಯ ಕಡ್ಡಿ ಜಾರಿ ಡಬ್ಬದಲ್ಲಿದ್ದ ರಾಳದ ತುಂಡಿಗೆ ತಾಗಿತು. ಬಿಳಿ ಹೊಗೆ ಎದ್ದಿತು.

ದೇವರ ಕೋಣೆಯ ವಾಸನೆ.

"ಇದು ಧೂಪವಲ್ಲವಾ?"

"ರಾಳವೇ ಧೂಪ, ಮಾರಾಯ. ದೋಣಿಗೆ ಹಾಕಿದ್ರೆ ಅಂಟು, ಕೆಂಡಕ್ಕೆ ಹಾಕಿದ್ರೆ ಧೂಪ."

ಸ್ಟೂಲಿನಿಂದ ಎದ್ದೆ.

"ಕಳುವಾದದ್ದರಲ್ಲಿ ಮಾಸ್‌ಫೆಟ್ ಎಷ್ಟಿದ್ದವು?"

"ನಾಲ್ಕು. ಸುಟ್ಟ ಆರರಲ್ಲಿ ಎರಡೆರಡೇ ಇದ್ವು."

"ನಾಲ್ಕು ಅಂತ ಯಾರಿಗೆ ಹೇಳಿದ್ದೆ?"

"ಯಾರಿಗೂ ಇಲ್ಲ. ರಾಳದ ಕೆಳಗಿದ್ದದ್ದು ಯಾರಿಗೆ ಕಾಣ್ತದೆ?" ಅವನು ಕಡ್ಡಿ ಕೆಳಗಿಟ್ಟ. "ಯಾರು, ಭಾಸ್ಕರ?"

ಹೇಳಿದೆ. ಅವನು ಕಡ್ಡಿಯ ಪ್ಲಗ್ಗು ಕಿತ್ತು ಅಂಗಡಿಗೆ ಬೀಗ ಹಾಕಿದ.

* * *

ನಮ್ಮಿಬ್ಬರನ್ನೂ ಒಟ್ಟಿಗೆ ಕಂಡಾಗಲೇ ತ್ರ್ಯಂಬಕ ಸರ್ ಕುಳಿತುಬಿಟ್ಟರು.

"ಸರ್, ಸೂತಕದ ಮನೆಯಲ್ಲಿ ಧೂಪ ಹಾಕುವುದಿಲ್ಲ," ಎಂದೆ. "ಕೆಳಗೆ ದೀಪವೂ ಇರಲಿಲ್ಲ. ಮೇಲೆ ಕೋಣೆ ತುಂಬ ವಾಸನೆ. ಅದು ಪೂಜೆಯದಲ್ಲ, ಪೆಟ್ಟಿಗೆಯ ರಾಳ ಕರಗಿಸಿದ್ದು. ಬೆರಳು ಸುಟ್ಟದ್ದೂ ಅದರಲ್ಲೇ. ಕರಗಿಸಿದವರಿಗೆ ಮಾತ್ರ ನಾಲ್ಕು ಮಾಸ್‌ಫೆಟ್ ಕಾಣುತ್ತವೆ. ತಂತಿಗೆ ಟೇಪು ಸುತ್ತುವುದನ್ನು ಲ್ಯಾಬಿನಲ್ಲಿ ನಮಗೆ ಕಲಿಸಿದವರು ನೀವೇ."

ಅವರು ಮೇಜಿನ ಡ್ರಾಯರ್ ಎಳೆದರು. ಪೆಟ್ಟಿಗೆ ಅಲ್ಲಿತ್ತು. ಕರಗಿದ ರಾಳ ಕಪ್ಪಾಗಿತ್ತು. ಬೋರ್ಡಿನ ತಾಮ್ರದ ಗೆರೆಗಳು ಕಿತ್ತುಬಂದಿದ್ದವು.

"ಒಂದು ದಿನ ನೋಡಿ ವಾಪಸು ಇಡಬೇಕೆಂದಿದ್ದೆ. ನಾಲ್ಕು ವರ್ಷದಿಂದ ನಾನೂ ಮಾಡುತ್ತಿದ್ದೇನೆ, ಪ್ರಕಾಶ. ಎಲ್ಲ ಸುಟ್ಟವು. ಲೆಕ್ಕ ಸರಿ ಇದ್ದರೂ ಸುಟ್ಟವು."

"ಕೇಳಿದ್ರೆ ನಕ್ಷೆ ಬರೆದುಕೊಡ್ತಿದ್ದೆ, ಸರ್."

"ನೀನು ನನ್ನ ವಿಷಯದಲ್ಲಿ ಎರಡು ಸಲ ಫೇಲಾದವನು. ನಿನ್ನನ್ನು ಹೇಗೆ ಕೇಳಲಿ? ನಾಚಿಕೆಯಾಯಿತು."

ಗೋಡೆಯ ಪಕ್ಕ ಅವರು ಮಾಡಿದ ಬೋರ್ಡೊಂದಿತ್ತು. ಪ್ರಕಾಶ ಎತ್ತಿ ತಿರುಗಿಸಿ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನು ನೋಡುವುದು ಇನ್ನೂ ಕಷ್ಟವಾಯಿತು.

"ಲೆಕ್ಕವೆಲ್ಲ ಸರಿಯಾಗೇ ಇದೆ, ಸರ್. ಕೆಪಾಸಿಟರಿನಿಂದ ಮಾಸ್‌ಫೆಟ್ಟಿಗೆ ಬರುವ ತಂತಿ ಉದ್ದ ಆಯ್ತು. ಎರಡು ಬೆರಳಿಗಿಂತ ಕಮ್ಮಿ ಇರಬೇಕು. ಅಷ್ಟೇ."

ಸರ್ ತಲೆ ತಗ್ಗಿಸಿದರು. "ಪೇಪರಿನಲ್ಲಿ ಇನ್ನೊಬ್ಬನ ಹೆಸರು ಓದಿದಾಗ ಒಂದು ಕ್ಷಣ ಹಾಯೆನಿಸಿತು, ಭಾಸ್ಕರ. ಆಮೇಲೆ..." ಶರಟು ಹಾಕಿಕೊಂಡು ನಮ್ಮೊಡನೆ ಠಾಣೆಗೆ ಹೊರಟರು. ಸುಮತಿಯಕ್ಕ ಎಲ್ಲಿಗೆಂದು ಕೇಳಿದರು. ಸರ್ ತಿರುಗಿ ನೋಡದೆ ಗೇಟು ತೆಗೆದರು.

* * *

ಸುದ್ದಿ ಬರೆದೆ. ಅಚ್ಚಾಯಿತು. ಪೇಪರು ಹಿಡಿದು ಕಾಸರಕೋಡಿಗೆ ಹೋದೆ. ದಾಸ ಅಂಗಳದಲ್ಲಿ ಉಳಿ ಮಸೆಯುತ್ತಿದ್ದ.

"ನಂಗೆ ಓದೂಕೆ ಬರೂದಿಲ್ಲ. ಓದಿ."

ಓದಿದೆ. 'ತಪ್ಪಾಗಿ ಶಂಕಿಸಲಾಗಿದ್ದ ದಾಸ ನಿರಪರಾಧಿ ಎಂದು ತಿಳಿದುಬಂದಿದೆ.'

"ಅಂದು ಸಂಜೆ ಅಂಗಡಿ ಹತ್ರ ಯಾಕೆ ನಿಂತಿದ್ದಿರಿ?"

"ಭಟ್ಕಳದ ಬಸ್ಸಿಂದ ಇಳಿದು ಗಾಡಿ ನೋಡ್ಕಂಡು ಹೋಗೂ ಅಂತ. ಪ್ರಕಾಶ ಇರ್ಲಿಲ್ಲ. ಹೂವಿನವಳು ಬುಟ್ಟಿ ಎತ್ತಿ ಹೋದ ಮೇಲೆ ಕುಮಟೆಯ ಮಾಸ್ತರು ಬಂದು ಕೀಲಿ ತೆಗೆದ್ರು."

ಪೇಪರು ಕೆಳಗಿಟ್ಟೆ. "ನೋಡಿದ್ದಿರಾ? ಹೇಳಬಹುದಿತ್ತಲ್ಲ!"

"ಕದ್ದೆಯಾ ಅಂತ ಕೇಳಿದ್ರು. ನೋಡಿದೆಯಾ ಅಂತ ಯಾರೂ ಕೇಳ್ಲಿಲ್ಲ." ಉಳಿಯ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿದ. "ಶಂಕೆ ಮಾಡಿದ್ದು ಯಾರು ಅಂತ ಉಂಟಾ ಅದ್ರಲ್ಲಿ?"

"ಇಲ್ಲ."

"ಹಳೇ ಆರೋಪಿ ಅಂತ ಬರ್ದದ್ದು ಯಾರು ಅಂತ?"

"ಇಲ್ಲ."

ಅವನು ಮತ್ತೆ ಉಳಿ ಮಸೆಯತೊಡಗಿದ. ಒಳಗೆ ಗಣಪಿಯ ಬಳೆಯ ಸದ್ದು ನಿಂತಿತು. ನಾನೇ ಹೇಳಿದೆ, ಭಟ್ಕಳಕ್ಕೆ ಹೋಗೋಣ ಎಂದು.

ಬಂದರಿನಲ್ಲಿ ದೇವಣ್ಣನ ದೋಣಿ ದಡಕ್ಕೆ ಎಳೆದಿತ್ತು. ಆರೇಳು ಜನ ಕೆಲಸ ಮಾಡುತ್ತಿದ್ದರು. ದಾಸ ದೂರದಲ್ಲೇ ನಿಂತ. ನಾನು ಮುಂದೆ ಹೋದೆ.

"ಇವರನ್ನು ಹಳೆಯ ಆರೋಪಿ ಎಂದು ಬರೆದದ್ದು ನಾನು. ಎರಡು ಮಾರು ದೂರದಲ್ಲಿ ಕೂತಿದ್ದರು. ಒಂದು ಮಾತೂ ಕೇಳದೆ ಬರೆದೆ."

ಸುತ್ತಿಗೆಗಳು ನಿಂತವು. ಯಾರೋ ಕೆಮ್ಮಿದರು. ದೇವಣ್ಣ ಬೀಡಿ ಎಸೆದು ಕಾಲಿನಿಂದ ಹೊಸಕಿದ.

"ಆತು ಬಿಡಿ. ಬಾರೋ ದಾಸ, ಸಂದಿ ತುಂಬೂದು ಅರ್ಧಕ್ಕೆ ನಿಂತದೆ."

ದಾಸ ಕದಲಲಿಲ್ಲ.

"ಇವ್ರು ಈಗ ಹೇಳಿದ್ದು ಏಳು ಜನ ಕೇಳಿದ್ರು, ದೇವಣ್ಣ. ಪೇಪರು ಊರೆಲ್ಲ ಓದಿತ್ತು. ಪೇಪರಿನಲ್ಲಿ ಬರ್ಲಿ. ಆಮೇಲೆ ಬರ್ತೆ."

"ಎಂತ ಹಟ ಮಾರಾಯ ನಿಂದು!"

ದಾಸ ನನ್ನತ್ತ ತಿರುಗಿದ. ಆ ಕಣ್ಣುಗಳಲ್ಲಿ ಕ್ಷಮೆಯನ್ನು ಹುಡುಕಿದೆ. ಇರಲಿಲ್ಲ.

"ಹೊನ್ನಾವರದ ಬಸ್ಸು ನಾಕೂವರೆಗೆ," ಎಂದ. "ಹೋಗಿ ಬರೀರಿ."