ಬೇಕರಿಯವರ ಹನ್ನೆರಡು ಸಾವಿರ ಪಾಯಿಂಟು

"ನನ್ನ ಅಳಿಯ ಕಳ್ಳ ಅಂತ ತೋರಿಸಿಕೊಡಿ. ಇಲ್ಲಾ, ಕಳ್ಳ ಅಲ್ಲ ಅಂತ ತೋರಿಸಿಕೊಡಿ. ಎರಡರಲ್ಲಿ ಒಂದು ಆಗ್ಲೇಬೇಕು," ಎಂದರು ಬೇಕರಿಯವರು, ಇನ್ನೂ ಬಾಗಿಲಲ್ಲೇ ನಿಂತು.

"ಮೊದಲು ಕೂತ್ಕೊಳ್ಳಿ," ಎಂದರು ದೊಡ್ಡಮ್ಮ.

ನನ್ನ ತಾಯಿಯ ಅಕ್ಕನಾದ ದೊಡ್ಡಮ್ಮ ವಿಮಾ ಕಂಪನಿಯೊಂದರಲ್ಲಿ ಕ್ಲೇಮುಗಳ ತನಿಖೆ ಮಾಡುತ್ತಿದ್ದವರು. ಕೆಲಸದಿಂದ ನಿವೃತ್ತರಾದರೂ ಕೆಲಸ ಅವರನ್ನು ಬಿಡಲಿಲ್ಲ. ಕಳುವಾಗಲಿ, ಮೋಸವಾಗಲಿ, ಬೀದಿಯವರು ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಹಿಂದಿನಿಂದ 'ಇನ್‌ಸ್ಪೆಕ್ಟ್ರಮ್ಮ' ಎಂದೂ ಕರೆಯುತ್ತಿದ್ದರು. ಅವರ ಮನೆಯ ಮಹಡಿಯಲ್ಲಿದ್ದ ನಾನು ಕಾರು ಓಡಿಸುವವಳು, ಎಲ್ಲ ಮುಗಿದ ಮೇಲೆ ಬರೆದಿಡುವವಳು.

ಬೇಕರಿಯವರು ಕೂತರು. ಅವರ ಹೆಂಡತಿ ಬದುಕಿದ್ದಾಗ ರಜಾ ಕ್ಲಬ್ಬೊಂದಕ್ಕೆ ಸೇರಿದ್ದರಂತೆ. ಒಮ್ಮೆ ದೊಡ್ಡ ಮೊತ್ತ ಕಟ್ಟಿದರೆ ಕ್ಲಬ್ಬು ವರ್ಷವರ್ಷ ಪಾಯಿಂಟು ಕೊಡುತ್ತದೆ. ಆ ಪಾಯಿಂಟು ಕೊಟ್ಟು ಬೆಟ್ಟದಲ್ಲೋ ಕೆರೆಯ ದಂಡೆಯಲ್ಲೋ ಕ್ಲಬ್ಬಿನ ರೂಮು ಹಿಡಿಯಬಹುದು. ಹೆಂಡತಿಗೆ ಹೋಗುವ ಆಸೆ, ಗಂಡನಿಗೆ ಪುರುಸೊತ್ತಿಲ್ಲ. ಬಳಸದ ಪಾಯಿಂಟು ಹನ್ನೆರಡು ಸಾವಿರಕ್ಕೆ ಬಂದು ನಿಂತಿತ್ತು. ಅಷ್ಟರಲ್ಲಿ ಆಕೆ ತೀರಿಕೊಂಡರು.

"ಇನ್ನು ಯಾರ ಜೊತೆ ಹೋಗ್ಲಿ? ಮಾರಿ ಮಗಳಿಗೆ ಕೊಡೋಣ ಅಂದ್ಕೊಂಡೆ," ಎಂದರು ಬೇಕರಿಯವರು. "ಎಷ್ಟು ಬರಬಹುದು ಅಂತ ಅಳಿಯನ್ನ ಕೇಳಿದೆ. ಬ್ಯಾಂಕಲ್ಲಿರೋನು. 'ಮಾವ, ಮೂವತ್ತು ಸಾವಿರ ಬಂದ್ರೆ ನಿಮ್ಮ ಪುಣ್ಯ' ಅಂದ. ಮನಸ್ಸು ಒಪ್ಪಲಿಲ್ಲ. ನನ್ನ ಹೆಂಡತಿ ತಮ್ಮ ಟ್ರಾವೆಲ್ಸ್ ಆಫೀಸು ಇಟ್ಟಿದ್ದಾನೆ, ಅವನ್ನ ಕೇಳಿದೆ. 'ಒಂದು ಲಕ್ಷದ ಎಂಬತ್ತಾರು ಸಾವಿರದ ನಾನ್ನೂರು ಬರುತ್ತೆ ಭಾವ. ಆದ್ರೆ ಈಗ ಮಾರಬೇಡಿ, ರಜಾ ಸೀಸನ್ ಮುಗೀಲಿ' ಅಂದ."

"ನಾನ್ನೂರು ಅಂತ ಸೇರಿಸಿಯೇ ಹೇಳಿದ್ರಾ?"

"ಹೌದು. ತಡವರಿಸದೆ ಹೇಳಿದ. ಕಸುಬುದಾರ ನೋಡಿ."

ಆದರೆ ಮಗಳಿಗೆ ತಡೆಯಲಾಗಲಿಲ್ಲ. ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕ್ಲಬ್ಬಿನ ವೆಬ್‌ಸೈಟಿನಲ್ಲಿ ತಾಯಿಯ ಖಾತೆ ನೋಡಲು ಹೋದಳು. ಗಂಡ ಹೇಳಿದ ಪಾಸ್‌ವರ್ಡು ಹಾಕಿದರೆ ತಪ್ಪು ಎಂದು ಬಂತು. ಇಬ್ಬರೂ ಕ್ಲಬ್ಬಿನ ಕಚೇರಿಗೆ ಹೋದರೆ, ಖಾತೆಯಲ್ಲಿ ಸೊನ್ನೆ. ಖಾತೆ ಮಾಡಿಕೊಟ್ಟವನು ಅಳಿಯ, ಬೆಲೆಯಿಲ್ಲ ಎಂದವನೂ ಅಳಿಯ. ಬೇಕರಿಯವರು ಬೀದಿಯವರೆಲ್ಲರೆದುರು ಅವನನ್ನು ಕಳ್ಳ ಎಂದುಬಿಟ್ಟರು. ಮಗಳು ಅತ್ತ ಗಂಡನನ್ನೂ ಬಿಡಲಾರದೆ ಇತ್ತ ತಂದೆಯನ್ನೂ ಬಿಡಲಾರದೆ ಊಟ ಬಿಟ್ಟಿದ್ದಳು.

"ಕ್ಲಬ್ಬಿನ ಸಂದೇಶ ಯಾರ ಫೋನಿಗೆ ಬರ್ತಿತ್ತು?"

"ನನ್ನ ಹೆಂಡತಿ ಫೋನಿಗೆ. ಅದು ಕಪಾಟಿನಲ್ಲಿದೆ, ಆಫ್ ಮಾಡಿಟ್ಟಿದ್ದೀನಿ. ಅವಳ ನಂಬರು ಬೇರೆಯವರಿಗೆ ಹೋಗಬಾರ್ದು ಅಂತ ರೀಚಾರ್ಜ್ ಮಾತ್ರ ಮಾಡಿಸ್ತಾ ಇರ್ತೀನಿ."

"ಆ ಫೋನು ಯಾವತ್ತಾದ್ರೂ ಮನೆ ಬಿಟ್ಟು ಹೋಗಿತ್ತಾ?"

"ಒಂದ್ಸಲ ಬಾಮೈದ ತಗೊಂಡು ಹೋಗಿದ್ದ. ಅಕ್ಕನ ಫೋಟೋ ಎಲ್ಲಾ ತೆಗೆದು ಆಲ್ಬಮ್ ಮಾಡಿಸಿಕೊಟ್ಟ. ಒಳ್ಳೆ ಹುಡುಗ."

ಮರುದಿನ ಕ್ಲಬ್ಬಿನ ಕಚೇರಿಗೆ ಹೋದೆವು. ಗಾಜಿನ ಗೋಡೆ, ಗೋಡೆಯ ತುಂಬ ನೀಲಿ ಕೆರೆಯ ಚಿತ್ರ. ಬೇಕರಿಯವರ ಒಪ್ಪಿಗೆ ಪತ್ರ ನೋಡಿ ಅಲ್ಲಿನ ಹೆಣ್ಣುಮಗಳು ಬಾಯಿಬಿಟ್ಟಳು. ನಾಲ್ಕು ತಿಂಗಳಲ್ಲಿ ಒಂಬತ್ತು ಸಲ ರೂಮು ಹಿಡಿಯಲಾಗಿತ್ತು. ಪ್ರತಿ ಸಲವೂ ಅತಿಥಿಗಳು ಬೇರೆ, ಒಬ್ಬರಿಗೊಬ್ಬರು ಸಂಬಂಧವಿಲ್ಲ. ಮೊದಲ ಸಲಕ್ಕೆ ಸ್ವಲ್ಪ ಮುಂಚೆ ಯಾರೋ 'ಪಾಸ್‌ವರ್ಡ್ ಮರೆತಿದೆ' ಎಂದು ಒತ್ತಿ, ಫೋನಿಗೆ ಬಂದ ಸಂಖ್ಯೆ ಹಾಕಿ, ಹೊಸದು ಮಾಡಿಕೊಂಡಿದ್ದರು.

"ಈ ಪಾಯಿಂಟಿಗೆ ನಿಜವಾಗಿ ಎಷ್ಟು ಬೆಲೆ ಬರುತ್ತೆ, ದೊಡ್ಡಮ್ಮ?" ಎಂದು ವಾಪಸಾಗುವಾಗ ಕೇಳಿದೆ.

"ಯಾರ ಕಡೆಯಿಂದ ನೋಡ್ತೀಯ ಅನ್ನೋದರ ಮೇಲಿದೆ. ಪಾಯಿಂಟನ್ನೇ ಕೊಳ್ಳೋನು ವರ್ಷದ ನಿರ್ವಹಣಾ ಶುಲ್ಕ ಕಳೀತಾನೆ, ಅವಧಿ ಮುಗಿಯೋ ಭಯಕ್ಕೆ ಇನ್ನಷ್ಟು ಕಳೀತಾನೆ. ಉಳಿಯೋದು ಚೂರುಪಾರು. ಅದೇ ಪಾಯಿಂಟಲ್ಲಿ ರೂಮು ಹಿಡಿದು, ರೂಮನ್ನ ಬಾಡಿಗೆಗೆ ಕೊಟ್ರೆ ಲೆಕ್ಕವೇ ಬೇರೆ."

ಭಾನುವಾರ ಎಲ್ಲರೂ ನಮ್ಮ ನಡುಮನೆಯಲ್ಲಿ ಸೇರಿದರು. ಬೇಕರಿಯವರು, ಪಕ್ಕದಲ್ಲಿ ಮಗಳು. ಅಳಿಯ ದೂರದ ಕುರ್ಚಿಯಲ್ಲಿ, ಮಾವನ ಮುಖ ನೋಡದೆ. ಟ್ರಾವೆಲ್ಸಿನವನು ಸೋಫಾದ ಮೇಲೆ ಹಾಯಾಗಿ ಕೂತು ಫೋನನ್ನು ಟೀಪಾಯಿಯ ಮೇಲಿಟ್ಟಿದ್ದ.

"ಬೇಕರಿಯವರೇ," ಎಂದರು ದೊಡ್ಡಮ್ಮ, "ನಿಮ್ಮ ಹೆಂಡತಿ ನಂಬರಿಗೆ ಒಂದು ಫೋನ್ ಮಾಡಿ."

ಅವರು ಬೆಚ್ಚಿದರು. ಆಕೆ ಹೋದ ಮೇಲೆ ಆ ನಂಬರು ಒತ್ತಲು ಅವರಿಗೆ ಎಂದೂ ಧೈರ್ಯ ಬಂದಿರಲಿಲ್ಲವಂತೆ. ಈಗ ಒತ್ತಿದರು.

ಟೀಪಾಯಿಯ ಮೇಲಿನ ಫೋನು ಹಾಡಿತು. ಪರದೆಯ ಮೇಲೆ 'ಭಾವ' ಎಂದು ಮೂಡಿತ್ತು.

ಟ್ರಾವೆಲ್ಸಿನವನು ನಕ್ಕ. "ಎದುರಿಗೇ ಕೂತು ನನಗ್ಯಾಕೆ ಫೋನ್ ಮಾಡ್ತೀರ ಭಾವ?"

"ನಿನಗೆ ಮಾಡ್ಲಿಲ್ಲ," ಎಂದರು ಬೇಕರಿಯವರು ನಿಧಾನವಾಗಿ. "ನಿನ್ನ ಅಕ್ಕನಿಗೆ ಮಾಡಿದೆ."

ಫೋನು ಹಾಡಿ ಹಾಡಿ ತಾನೇ ನಿಂತಿತು.

"ಪಾಸ್‌ವರ್ಡ್ ಯಾರಿಗೆ ಗೊತ್ತಿತ್ತು ಅನ್ನೋದು ಪ್ರಶ್ನೆಯೇ ಅಲ್ಲ," ಎಂದು ದೊಡ್ಡಮ್ಮ ಶುರುಮಾಡಿದರು. "ಅಳಿಯಂದ್ರಿಗೆ ಗೊತ್ತಿತ್ತು. ಗೊತ್ತಿದ್ದೋರು ಮರೆತೆ ಅಂತ ಯಾಕೆ ಒತ್ತುತ್ತಾರೆ? ಒತ್ತಿದೋರಿಗೆ ಪಾಸ್‌ವರ್ಡ್ ಗೊತ್ತಿರಲಿಲ್ಲ, ಆದ್ರೆ ಸಿಮ್ ಕೈಲಿತ್ತು. ಆ ಫೋನು ಮನೆ ಬಿಟ್ಟು ಹೋಗಿದ್ದು ಒಂದೇ ಸಲ, ಆಲ್ಬಮ್ ಮಾಡಿಸೋಕೆ. ವಾಪಸ್ ಬಂದಾಗ ಒಳಗೆ ಸಿಮ್ ಇರಲಿಲ್ಲ. ಆಫ್ ಆಗಿರೋ ಫೋನಿನ ಒಳಗೆ ಯಾರು ನೋಡ್ತಾರೆ?"

"ಇನ್ನು ರೂಮಲ್ಲಿ ಇದ್ದೋರು ಒಂಬತ್ತು ಜನ ಅಪರಿಚಿತರು," ಎಂದು ಮುಂದುವರಿಸಿದರು. "ಕದ್ದೋರು ಮಜಾ ಮಾಡೋಕೆ ಕದೀಲಿಲ್ಲ, ಬಾಡಿಗೆಗೆ ಕೊಟ್ರು. ಅದಕ್ಕೆ ರೂಮು ಕೇಳಿಕೊಂಡು ಬರೋ ಗಿರಾಕಿ ಬೇಕು. ಬ್ಯಾಂಕಿಗೆ ಅಂಥೋರು ಬರಲ್ಲ."

"ಇದೆಲ್ಲಾ ಊಹೆ," ಎಂದ ಟ್ರಾವೆಲ್ಸಿನವನು. ದನಿ ಬಿದ್ದುಹೋಗಿತ್ತು.

"ನನಗೆ ಮೊದಲ ದಿನವೇ ಅನುಮಾನ ತಂದಿದ್ದು ನಿಮ್ಮ ನಾನ್ನೂರು. ಅಂದಾಜು ಯಾವತ್ತೂ ದುಂಡಗಿರುತ್ತೆ, ಅದಕ್ಕೆ ಬಾಲ ಇರಲ್ಲ. ಹನ್ನೆರಡು ಸಾವಿರ ಪಾಯಿಂಟಿಗೆ ಒಂದಕ್ಕೆ ಹದಿನೈದೋ ಹದಿನಾರೋ ರೂಪಾಯಿ, ಯಾವ ಇಡೀ ರೂಪಾಯಿ ದರ ಹಾಕಿದ್ರೂ ಕೊನೆಗೆ ಸಾವಿರಗಳೇ ಬರೋದು. ನಾನ್ನೂರು ಎಲ್ಲಿಂದ ಬಂತು? ನೀವು ಬೆಲೆ ಕಟ್ಟಲಿಲ್ಲ. ಥಟ್ಟನೆ ಕೇಳಿದಾಗ, ಒಂಬತ್ತು ಗಿರಾಕಿಗಳಿಂದ ಕೈಗೆ ಬಂದಿದ್ದ ಮೊತ್ತ ಬಾಯಿಗೆ ಬಂತು. ಜೊತೆಗೆ, ಮಾರೋಕೆ ಏನೂ ಉಳಿದಿಲ್ಲ ಅಂತ ಗೊತ್ತಾಗಬಾರ್ದು ಅಂತ ಸೀಸನ್ ಮುಗೀಲಿ ಅಂದ್ರಿ."

ಅವನು ತಲೆ ತಗ್ಗಿಸಿದ. ಆಫೀಸಿನ ಬಾಡಿಗೆ ಬಾಕಿಯಿತ್ತು, ಹೇಗೂ ಕೊಳೆಯುತ್ತಿದ್ದ ಪಾಯಿಂಟು, ತುಂಬಿಕೊಡುತ್ತಿದ್ದೆ ಎಂದೆಲ್ಲ ಗೊಣಗಿದ. "ಅಕ್ಕ ಇದ್ದಿದ್ರೆ ಕೇಳಿದ ತಕ್ಷಣ ಕೊಡ್ತಿದ್ಲು," ಎಂದೂ ಅಂದ.

"ಕೊಡ್ತಿದ್ಲು," ಎಂದರು ಬೇಕರಿಯವರು. "ನೀನು ಕೇಳಲೇ ಇಲ್ವಲ್ಲ. ದುಡ್ಡು ಆಮೇಲೆ, ನೀನೇ ಹೇಳಿದ ಲೆಕ್ಕದ ಹಾಗೆ, ನಾನ್ನೂರೂ ಸೇರಿ. ಮೊದಲು ಅವಳ ಸಿಮ್ ತೆಗೆದು ಇಲ್ಲಿಡು."

ಅವನು ಸಿಮ್ ತೆಗೆದಿಟ್ಟು, ಯಾರನ್ನೂ ನೋಡದೆ ಹೊರಟುಹೋದ.

ಬೇಕರಿಯವರು ಎದ್ದು ಅಳಿಯನ ಮುಂದೆ ಹೋಗಿ ನಿಂತರು. ಅಳಿಯನೇ ತಲೆಯೆತ್ತಿದ.

"ಬೀದಿಯೋರೆಲ್ಲ ಕೇಳೋ ಹಾಗೆ ಕಳ್ಳ ಅಂದ್ರಿ, ಮಾವ. ಅದಕ್ಕೆಷ್ಟು ಬೆಲೆ ಕಟ್ತೀರ?"

"ಗೊತ್ತಿಲ್ಲಪ್ಪ. ನೀನೇ ಹೇಳು. ಕಟ್ತೀನಿ."

ಅಳಿಯ ಕುರ್ಚಿಯಿಂದ ಎದ್ದ.

"ನಿಮ್ಮ ಅಂಗಡಿಗೆ ಕಾಲಿಡಲ್ಲ ಅಂತ ಇಷ್ಟು ದಿನ ಮೂಲೆ ಅಂಗಡಿ ಬ್ರೆಡ್ ತಿಂದಿದ್ದೀನಿ," ಎಂದ. "ಅದನ್ನ ಬ್ರೆಡ್ ಅಂತ ಮಾರೋನನ್ನ ಮೊದಲು ಹಿಡೀಬೇಕಿತ್ತು."

ಮಗಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಬೇಕರಿಯವರು ಜೇಬು ತಡಕಿ ಅಂಗಡಿಯ ಬೀಗದ ಕೈ ತೆಗೆದರು.

"ಇವತ್ತು ಭಾನುವಾರ, ಒಲೆ ಹಚ್ಚಿಲ್ಲ," ಎಂದರು. "ಬಾ, ಹಚ್ಚೋಣ. ಆದ್ರೆ ಬೀದಿ ಕಡೆ ಬಾಗಿಲೂ ತೆಗೀತೀನಿ. ಕಳ್ಳ ಅಂದಿದ್ದು ಕೇಳಿಸಿಕೊಂಡೋರೆಲ್ಲ ನಾನು ತಪ್ಪು ಒಪ್ಪಿಕೊಳ್ಳೋದನ್ನೂ ಕೇಳಿಸಿಕೊಳ್ಳಲಿ."