ಬಲಗಾಲಿಟ್ಟು ಬಂದ ಪುಟಾಣಿ

"ನೀವಾ?!"

ಗೇಟಿನ ಚಿಲಕ ತೆಗೆಯುತ್ತಿದ್ದ ತನ್ಮಯಿಯ ಕೈ ಅಲ್ಲೇ ನಿಂತುಬಿಟ್ಟಿತು.

ನಾಯಿಮರಿ ನೋಡಲು ಹಿನಕಲ್‌ನಿಂದ ಯಾರೋ ಬರುತ್ತಾರೆ ಎಂದಷ್ಟೇ ಯೋಗೇಂದ್ರ ಹೇಳಿದ್ದ. ಬೀದಿಮರಿಗಳನ್ನು ಮನೆಯಲ್ಲಿಟ್ಟುಕೊಂಡು ಪಳಗಿಸುವುದು ತನ್ಮಯಿಯ ಪಾಲು, ಅವಕ್ಕೆ ಮನೆ ಹುಡುಕುವುದು ಅವನ ಪಾಲು. ಬರುವವನ ಹೆಸರು ಮೊದಲೇ ಕೇಳಿದ್ದರೆ ಇವಳು ಗೇಟಿನ ಹತ್ತಿರವೂ ಸುಳಿಯುತ್ತಿರಲಿಲ್ಲ!

ನಿರಂಜನ್... ಕೃಷ್ಣಮೂರ್ತಿಪುರಂನ ಇದೇ ಕಾಂಪೌಂಡಿನ ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದ ನಿರಂಜನ್. ಕಿವಿಯ ಪಕ್ಕ ಒಂದೆರಡು ನರೆಗೂದಲು ಬಂದಿದ್ದವು. ನಗು ಮಾತ್ರ ಹಾಗೇ ಇತ್ತು, ಹಾಳಾದ್ದು!

"ಹೇಗಿದ್ದೀಯ ತನು?"

"ತನ್ಮಯಿ ಅನ್ನಿ. ನಿಮಗೆ ಮರಿ ಕೊಡಲ್ಲ. ಹೊರಡಿ."

ಕಾಲ ಬುಡದಲ್ಲಿದ್ದ ಪುಟಾಣಿ ಮಾತ್ರ ಬಾಲ ಅಲ್ಲಾಡಿಸಿ, ಗೇಟಿನ ಸಂದಿಯಿಂದಲೇ ಬಂದವನ ಚಪ್ಪಲಿ ಮೂಸತೊಡಗಿತು. ನಾಟಿ ಮರಿ ಎಂದು ಇಬ್ಬರು ಆಗಲೇ ಮೂಗು ಮುರಿದು ಹೋಗಿದ್ದರು. ಇದಕ್ಕೊಂದು ಒಳ್ಳೆಯ ಮನೆ ಸಿಕ್ಕರೆ ಸಾಕೆಂದು ತನ್ಮಯಿ ಬೆಟ್ಟದ ತಾಯಿಗೆ ಹರಕೆ ಕಟ್ಟಿಕೊಂಡಿದ್ದಳು. ತಾಯಿ ಕಳಿಸಿದ್ದು ಇವನನ್ನೇ?

"ಯಾಕೆ ಕೊಡಲ್ಲ?"

"ಬೆಲ್ಲನ್ನ ಬೀದೀಲಿ ಬಿಟ್ಟು ಹೋದೋರಿಗೆ ಇನ್ನೊಂದು ನಾಯಿ ಕೊಡ್ಬೇಕಾ?"

ಅವನ ಮುಖದ ನಗು ಮಾಯವಾಯಿತು.

"ಮನೆ ನೋಡಿದ ಮೇಲೇ ನೀವು ಹೂಂ, ಉಹೂಂ ಅನ್ನೋದಂತೆ. ಒಂದ್ಸಲ ಬಂದು ನೋಡಿ. ಆಮೇಲೆ ಬೇಡ ಅಂದ್ರೆ ನಾನು ಮಾತಾಡಲ್ಲ."

ನಿಯಮ ಮಾಡಿದವಳೇ ಮುರಿಯುವುದು ಹೇಗೆ? ಮುಖಕ್ಕೆ ಹೊಡೆದ ಹಾಗೆ 'ಬೇಡ' ಎಂದು ಬರುವುದಕ್ಕಾದರೂ ಹೋಗೋಣ ಎಂದುಕೊಂಡಳು ತನ್ಮಯಿ.

ಅವನ ಸ್ಕೂಟರಿನ ಹಿಂದೆ ಆಟೋದಲ್ಲಿ ಪುಟಾಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ಹಳೆಯದೆಲ್ಲ ನುಗ್ಗಿ ಬಂತು.

ಆಗ ಅವಳು ಪಿಯುಸಿ. ನಿರಂಜನ್ ತನ್ನ ಅಪ್ಪ ಮಹದೇವಯ್ಯನವರ ಬೇಕರಿಯಿಂದ ಮುರುಕು ಬೆಣ್ಣೆ ಬಿಸ್ಕತ್ತು ತರುತ್ತಿದ್ದ. ಅರ್ಧ ತನುವಿಗೆ, ಅರ್ಧ ಬೆಲ್ಲಕ್ಕೆ. ಬೆಲ್ಲದ ಬಣ್ಣದ ಆ ಬೀದಿಮರಿ ಇಬ್ಬರ ಕಾಲಿಗೂ ಸುತ್ತಿಕೊಂಡಿರುತ್ತಿತ್ತು.

ಅದು ಹೊಸಿಲು ದಾಟಿದರೆ ಅಜ್ಜಿ ಪೊರಕೆ ಎತ್ತುತ್ತಿದ್ದರು. "ಮನೆಗೆ ಬರೋರು ಬಲಗಾಲಿಟ್ಟು ಬರ್ಬೇಕು. ನಾಯಿಗೆ ಅದೆಲ್ಲಿ ಗೊತ್ತಾಗತ್ತೆ?"

ಅಜ್ಜಿ ಅಂದದ್ದು ಗದರಿಸಲಿಕ್ಕೆ. ಹಟಮಾರಿ ತನು ಅದನ್ನೇ ಪಾಠ ಮಾಡಿಕೊಂಡಳು! ಇಬ್ಬರೂ ಸೇರಿ ಬಿಸ್ಕತ್ತಿನ ಆಸೆ ತೋರಿಸಿ ತೋರಿಸಿ ಬೆಲ್ಲಕ್ಕೆ ಕಲಿಸಿಯೇಬಿಟ್ಟರು. ಹೊಸಿಲಲ್ಲಿ ನಿಂತು, ಬಲಗಾಲು ಎತ್ತಿ, 'ಬಾ' ಅಂದ ಮೇಲೇ ಒಳಗೆ. ಈಗಲೂ ಅಷ್ಟೇ, ಬಲಗಾಲು ಕಲಿಸದೆ ಅವಳು ಯಾವ ಮರಿಯನ್ನೂ ಹೊಸ ಮನೆಗೆ ಕಳಿಸಿದವಳಲ್ಲ.

ಆ ಬೇಸಿಗೆ ರಜೆಗೆ ನಂಜನಗೂಡಿನ ಅತ್ತೆ ಮನೆಗೆ ಹೋಗಿ ಬರುವಷ್ಟರಲ್ಲಿ ಹಿಂದಿನ ಮನೆಗೆ ಬೀಗ. ಬೆಲ್ಲವೂ ಇಲ್ಲ.

"ಖಾಲಿ ಮಾಡ್ಕೊಂಡು ಹೋದ್ರು. ನಾಯೀನ ದಾರೀಲಿ ಎಲ್ಲೋ ಬಿಟ್ರಂತೆ," ಎಂದಿದ್ದರು ಅಜ್ಜಿ.

ಚಾಮರಾಜಪುರಂ ರೈಲ್ವೆ ಸ್ಟೇಷನ್ನಿನವರೆಗೂ ಬೆಲ್ಲಾ ಬೆಲ್ಲಾ ಎಂದು ಕೂಗುತ್ತಾ ಅಲೆದಿದ್ದಳು. ಹೇಳದೆ ಹೋದವನ ಮೇಲಿನ ಅಳುವೂ ಆ ಕೂಗಿನಲ್ಲಿ ಸೇರಿತ್ತು.

ಆಟೋ ನಿಂತಿತು. ಬಾಗಿಲಿಗೆ ಬಂದ ನಿರಂಜನನ ತಾಯಿ ಚೆಲುವಮ್ಮ ಕಣ್ಣಗಲಿಸಿದರು.

"ಅಯ್ಯೋ ನಮ್ ತನು! ಎಂಗಿದ್ದೀಯ ಮಗಾ? ಬಾ ಒಳಕ್ಕೆ!"

"ಬೇಡಮ್ಮ, ಇಲ್ಲೇ ನಿಂತು ನೋಡಿ ಹೋಗ್ತೀನಿ."

ಅಷ್ಟರಲ್ಲಿ ಅಂಗಳದ ಹೊಂಗೆ ನೆರಳಿನಿಂದ ಮುದಿ ನಾಯಿಯೊಂದು ಮೆಲ್ಲಗೆ ಎದ್ದು ಬಂತು. ಮೂತಿಯೆಲ್ಲ ಬಿಳಿ. ಕಣ್ಣಿಗೆ ಪೊರೆ. ಗೋಡೆ ಮೂಸಿಕೊಂಡು ಬಂದು ಹೊಸಿಲ ಮುಂದೆ ನಿಂತಿತು.

ನಿಂತು... ಬಲಗಾಲು ಎತ್ತಿತು. ಕಾಯಿತು.

ತನ್ಮಯಿ ಪುಟಾಣಿಯನ್ನು ಕೆಳಗಿಳಿಸಿದಳು.

"ಬೆಲ್ಲಾ..."

ನಾಯಿಯ ಕಿವಿ ನಿಮಿರಿತು. ಅವಳು ಅದರ ಮುಂದೆ ಕೂತಳು. ಬೆಲ್ಲ ಅವಳ ಅಂಗೈ ಮೂಸಿತು, ಮತ್ತೆ ಮೂಸಿತು, ಆಮೇಲೆ ಕುಂಯ್‌ಗುಡುತ್ತಾ ಮಡಿಲಿಗೆ ತಲೆ ತುರುಕಿತು.

"ದಾರೀಲಿ ಬಿಟ್ರು ಅಂದ್ರಲ್ಲ ಅಜ್ಜಿ..."

"ಅವ್ರೇ ಕಣವ್ವ ನಾಯೀನೂ ಕರ್ಕೊಂಡೋಗಿ ಅಂದಿದ್ದು," ಎಂದರು ಚೆಲುವಮ್ಮ. "ನೀವಿಬ್ರೂ ಒಂದೇ ಬಿಸ್ಕತ್ತು ಮುರ್ಕೊಂಡು ತಿನ್ನೋದು ಕಂಡು ಅವ್ರಿಗೆ ದಿಗಿಲಾಯ್ತು. ಮನೆ ಬುಡಿ, ಮತ್ತೆ ಈ ಕಡೆ ಬರ್ಬೇಡಿ ಅಂತ ಮಾತು ತಗೊಂಡ್ರು. ಓಗ್ಲಿ ಬುಡು, ದೊಡ್ಡೋರು, ಈಗಿಲ್ಲ."

ಚೆಲುವಮ್ಮ ಕಣ್ಣೊರೆಸಿಕೊಂಡು ಕಾಫಿಗಿಡಲು ಒಳಗೆ ಹೋದರು.

"ಒಂದು ಫೋನ್ ಮಾಡಕ್ಕಾಗ್ಲಿಲ್ವಾ ನಿಂಗೆ?" 'ನೀವು' ಹೋಗಿ 'ನೀನು' ಬಂದದ್ದು ತನ್ಮಯಿಗೇ ತಿಳಿಯಲಿಲ್ಲ.

"ನಿನ್ನ ಸಾಕಿದ ಅಜ್ಜಿ ಕೈ ಮುಗಿದು ಕೇಳಿದ್ರು ತನು. ಅವ್ರು ತೀರಿಕೊಂಡಾಗ ಗೇಟಿನವರೆಗೂ ಬಂದೆ. ಯಾವ ಮುಖ ಇಟ್ಕೊಂಡು ಒಳಗೆ ಬರ್ಲಿ ಅಂತ ವಾಪಸ್ ಹೋದೆ."

"ಮತ್ತೆ ಇವತ್ತು ಹೇಗೆ ಬಂದೆ?"

"ಯೋಗೇಂದ್ರ ಅವ್ರು ಈ ಮರಿಯ ವಿಡಿಯೋ ಹಾಕಿದ್ರಲ್ಲ... ಬಲಗಾಲೆತ್ತಿ ನಿಂತಿತ್ತು. ಹಾಗೆ ಕಲಿಸೋರು ಮೈಸೂರಲ್ಲಿ ಇನ್ಯಾರಿದ್ದಾರೆ? ಬೆಲ್ಲಕ್ಕೆ ಕಣ್ಣು ಹೋಗಿದೆ, ಜೊತೆಗೊಂದು ಮರಿ ಬೇಕು, ಅದೂ ನಿಜ. ಆದ್ರೆ..."

"ಆದ್ರೆ?"

"ನಾನು ಬಂದಿದ್ದು ನಿಂಗೋಸ್ಕರ. ಅವತ್ತೂ ನಿನ್ನ ಕಂಡ್ರೆ ಇಷ್ಟ, ಇವತ್ತೂ ಇಷ್ಟ."

ತನ್ಮಯಿಯ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಯಾರ ಮೇಲೆ ಮುನಿಸಿಕೊಂಡಿದ್ದೆ ನಾನು! ಬೆಲ್ಲನ್ನ ಕಣ್ಣಲ್ಲಿಟ್ಟು ಕಾಪಾಡಿದವನ ಮೇಲೆ!

"ಬೆಲ್ಲಾ, ಬಾ," ಎಂದ ನಿರಂಜನ್. ಬೆಲ್ಲ ಒಳಗಡಿಯಿಟ್ಟಿತು. ಅದರ ಹಿಂದೆ ಪುಟಾಣಿ ಹೊಸಿಲಿಗೆ ಹೋಗಿ, ಬಲಗಾಲೆತ್ತಿ, ತಿರುಗಿ ತನ್ಮಯಿಯ ಮುಖ ನೋಡಿತು. ಅಪ್ಪಣೆ ಕೊಡಬೇಕಾದವಳು ಅವಳೇ.

"ಹೋಗು ಕಂದ... ಇದೇ ನಿನ್ನ ಮನೆ."

ಪುಟಾಣಿ ಒಳಗೆ ನೆಗೆಯಿತು. ನಿರಂಜನ್ ಹೊಸಿಲು ದಾಟಿ ಒಳಗೆ ನಿಂತು ಕೈ ಚಾಚಿದ.

"ನೀನು, ತನು?"

ಕಣ್ಣೊರೆಸಿಕೊಂಡು ಅವಳು ಗಡಬಡಿಸಿ ಕಾಲೆತ್ತಿದಳು.

"ಏಯ್, ಎಡಗಾಲು ಕಣೇ! ಪುಟಾಣಿಗಿರೋ ಬುದ್ಧಿ ನಿಂಗಿಲ್ವಲ್ಲೇ!"

ಅಳುವಿನ ನಡುವೆಯೇ ನಗು ಬಂದು, ಅವಳು ಕಾಲು ಹಿಂದೆಗೆದುಕೊಂಡಳು.

"ಬಿಸ್ಕತ್ತು ತೋರಿಸ್ದೆ ನಾನು ಕಲಿಯಲ್ಲ."

ಅವನು ಜೇಬಿನಿಂದ ಒಂದು ಬೆಣ್ಣೆ ಬಿಸ್ಕತ್ತು ತೆಗೆದು ಎರಡಾಗಿ ಮುರಿದ.

"ಅರ್ಧಾನೇ ಕೊಡೋದು."

"ಅರ್ಧ ಸಾಕು ಕಣೋ," ಎನ್ನುತ್ತಾ ತನ್ಮಯಿ ಬಲಗಾಲಿಟ್ಟು ಒಳಗೆ ಬಂದಳು.